ಮಾತ್ರೆ ಬಿಟ್ಟ ಮಾಸ್ತರು

ಅಂಕೋಲೆಯಿಂದ ಕಾರವಾರಕ್ಕೆ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಹೊರಡುವ ಬಸ್ಸಿನಲ್ಲಿ ನಾವು ಪಾಸಿನವರು ದಿನಾ ಒಂದು ಆಟ ಆಡುತ್ತಿದ್ದೆವು. ಆ ಆಟದಿಂದ ಒಬ್ಬ ಮನುಷ್ಯನ ಜೀವ ಹೋಯಿತು ಎಂದು ಈಗ ಹೇಳಿದರೆ, ಆಗ ಜೊತೆಗಿದ್ದವರು ಯಾರೂ ಒಪ್ಪಲಿಕ್ಕಿಲ್ಲ. "ನಿಮ್ಮದೊಂದು ಅತಿಯಾಯ್ತು" ಎಂದುಬಿಡುತ್ತಾರೆ. ಅವರಿಗೇನು, ಹಾಗೆನ್ನಬಹುದು. ಆ ದಿನ ಬಾಯಿ ಬಿಟ್ಟವಳು ನಾನು.

ನಾನಾಗ ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅರ್ಗಾದಲ್ಲಿ ನೌಕಾನೆಲೆಯ ಕೆಲಸ ಜೋರಾಗಿ ನಡೆಯುತ್ತಿದ್ದ, ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಬಸ್ಸಿನ ಹಿಂದಿನ ಬಾಗಿಲ ಹತ್ತಿರದ ಮೂರು ಸಾಲು ಸೀಟು ನಮ್ಮವು ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಬೇರೆಯವರು ಬಂದು ಕೂತರೆ ನಾವು ನೋಡುವ ನೋಟಕ್ಕೆ ಅವರು ಮುಂದಿನ ಸ್ಟಾಪಿನೊಳಗೆ ಎದ್ದು ಹೋಗುತ್ತಿದ್ದರು. ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಬಸ್ಸಿಗೆ ಬಸ್ಸೇ ಭಾವ ಎಂದು ಕರೆಯುತ್ತಿದ್ದ ಒಬ್ಬರು, ನಾಲ್ಕೈದು ಟೀಚರುಗಳು, ಮತ್ತೆ ಮಾಸ್ತರು. ಈ ಮಾಸ್ತರು ಶಾಲೆಯ ಮಾಸ್ತರಲ್ಲ, ಕಾರವಾರದ ಒಂದು ಸಣ್ಣ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ನಲವತ್ತರ ಆಚೀಚೆ ವಯಸ್ಸು, ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ತೊಡೆಯ ಮೇಲೆ ಒಂದು ರೆಕ್ಸಿನ್ ಚೀಲ. ಅಂಕೋಲೆಯಲ್ಲಿ ನಮ್ಮ ಮನೆಯಿಂದ ಒಂದು ಓಣಿ ಆಚೆ ಅವರ ಬಾಡಿಗೆ ಮನೆ.

ಆಟ ಇಷ್ಟೇ. ಮಾಸ್ತರು ಇವತ್ತು ತಮ್ಮ ಸುದ್ದಿಯನ್ನು ಎಲ್ಲಿ ಹೊರಹಾಕುತ್ತಾರೆ? ಹಟ್ಟಿಕೇರಿ ಸೇತುವೆಗೆ ಮೊದಲೋ, ಅವರ್ಸಾ ದಾಟಿದ ಮೇಲೋ, ಅಥವಾ ಅಮದಳ್ಳಿಯವರೆಗೆ ತಡೆದುಕೊಳ್ಳುತ್ತಾರೋ? ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಒಬ್ಬೊಬ್ಬರು ಒಂದೊಂದು ಊರಿನ ಹೆಸರು ಹೇಳಬೇಕು. ಸೋತವರು ಕಾರವಾರದಲ್ಲಿ ಇಳಿದ ಮೇಲೆ ಎಲ್ಲರಿಗೂ ಚಾ ಕುಡಿಸಬೇಕು. ಮಾಸ್ತರಿಗೆ ಈ ಆಟ ಗೊತ್ತಿರಲಿಲ್ಲ. ಆಟದ ಚಾ ಮಾತ್ರ ಅವರೂ ನಮ್ಮ ಜೊತೆ ಕುಡಿಯುತ್ತಿದ್ದರು, ಸಕ್ಕರೆ ಇಲ್ಲದ್ದು.

ಮೊದಲು ಅವರ ಸುದ್ದಿ ಎಂದರೆ ಲಿನಕ್ಸ್. ಎಲ್ಲರೂ ಹಾಕಿಕೊಳ್ಳುವ ಸಾಫ್ಟ್‌ವೇರನ್ನು ಅವರು ತಮ್ಮ ಕಂಪ್ಯೂಟರಿನಿಂದ ಕಿತ್ತುಹಾಕಿ, ಪುಕ್ಕಟೆ ಸಿಗುವ, ವೈರಸ್ಸು ತಗಲದ ಲಿನಕ್ಸ್ ಹಾಕಿಕೊಂಡಿದ್ದರು. ಅದರಿಂದ ನಮಗೇನು? ಆದರೆ ಯಾವ ಮಾತು ತೆಗೆದರೂ ಅದು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. "ಮಳೆ ಜೋರು ಬರೂಹಂಗದೆ ಅಲ್ದಾ ಮಾಸ್ತರೇ?" ಎಂದು ಭಾವ ಬೇಕೆಂದೇ ಕೇಳುವರು. "ಬರ್ಲಿ ಬಿಡಿ. ಕರೆಂಟು ಹೋಗಿ ಬಂದ್ರೂ ನನ್ನ ಕಂಪ್ಯೂಟರಿಗೆ ಎಂತದೂ ಆಗೂದಿಲ್ಲ. ನಾ ಲಿನಕ್ಸ್ ಹಾಕಂಡವ." ಟೀಚರುಗಳು ಸೆರಗು ಬಾಯಿಗೆ ಒತ್ತಿಕೊಳ್ಳುವರು. ಒಂದು ದಿನ ಕಂಡಕ್ಟರು ಟಿಕೆಟ್ ಹರಿಯುತ್ತ ನಿಂತಲ್ಲೇ ಸೀನಿದ. "ವೈರಸ್ಸು" ಎಂದರು ಮಾಸ್ತರು, "ನನ್ನ ಕಡೆ ಆ ಸುದ್ದಿಯೇ ಇಲ್ಲ." ಆ ಲಿನಕ್ಸಿನ ಸಿ.ಡಿ.ಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಕಂಡಕಂಡವರಿಗೆ ಪುಕ್ಕಟೆ ಹಂಚುತ್ತಿದ್ದರು. ಹಾರವಾಡದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಹತ್ತುತ್ತಿದ್ದ ಅಜ್ಜಿಗೂ ಒಂದು ಕೊಟ್ಟರು. ಅವಳು ಅದನ್ನು ಅಂಗಳದಲ್ಲಿ ಮೀನು ಒಣಗಿಸುವ ಕಡೆ ಕೋಲಿಗೆ ಕಟ್ಟಿದಳಂತೆ. "ಕಾಗೆ ಒಂದೂ ಬರೂದಿಲ್ಲ ತಮಾ, ಇನ್ನೆರಡು ಕೊಡು" ಎಂದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರೂ ನಕ್ಕು, ಇನ್ನೆರಡು ಕೊಟ್ಟರು.

ನಿಜ ಹೇಳಬೇಕೆಂದರೆ ನಾವೇನು ಕಮ್ಮಿ ಇದ್ದೆವೇ? ಒಬ್ಬ ಟೀಚರು ತಮ್ಮ ಮನೆಯಲ್ಲಿ ಟಿ.ವಿ. ಇಲ್ಲ ಎಂಬುದನ್ನು ವಾರಕ್ಕೆ ಎರಡು ಸಲವಾದರೂ ಹೇಳದೆ ಬಿಡುತ್ತಿರಲಿಲ್ಲ. ಸೋಮವಾರ ನನ್ನದು ಒಪ್ಪತ್ತು ಎಂದು ನಾನು ಕಚೇರಿಯಲ್ಲಿ ಜವಾನನಿಂದ ಹಿಡಿದು ಸಾಹೇಬರವರೆಗೆ ಸಾರಿ ಬರುತ್ತಿದ್ದೆ. ಆದರೆ ನಗುವುದಕ್ಕೆ ಯಾರಾದರೂ ಒಬ್ಬರು ಬೇಕು, ನಮಗೆ ಮಾಸ್ತರು ಸಿಕ್ಕಿದ್ದರು.

ಎರಡನೆಯ ಸುದ್ದಿ, ಮೀನು ಬಿಟ್ಟದ್ದು. ನಮ್ಮ ಕಡೆ ಬೆಳಿಗ್ಗೆ ಇಬ್ಬರು ಎದುರಾದರೆ ಕೇಳುವ ಮೊದಲ ಮಾತೇ ಇವತ್ತು ಎಂತ ಮೀನು ಎಂದು. ಅಂಥ ಊರಿನಲ್ಲಿ, ಬಂಗಡೆ ಸಾರಿಲ್ಲದೆ ಅನ್ನ ಇಳಿಯದ ಮನೆಯಲ್ಲಿ ಹುಟ್ಟಿದ ಮನುಷ್ಯ, ಮೀನು ಮಾತ್ರವಲ್ಲ, ಬೇಯಿಸಿದ್ದನ್ನೇ ಬಿಟ್ಟೆ ಎಂದರು. ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನುತ್ತಿರಲಿಲ್ಲ. ಬಸ್ಸು ಬಿಣಗಾ ಘಟ್ಟ ಹತ್ತುವಾಗ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಮೊಳಕೆ ಬಂದ ಹೆಸರು ಕಾಳನ್ನು ಒಂದೊಂದೇ ಅಗಿಯುತ್ತ, "ಜೀವಂತ ಆಹಾರ" ಎಂದು ಎಲ್ಲರ ಮುಂದೆ ಹಿಡಿಯುವರು. ಆಟಕ್ಕೆ ಹೊಸ ಕಳೆ ಬಂತು.

ಮೂರನೆಯ ಸುದ್ದಿ ಬಂದದ್ದು ಒಂದು ಮಳೆಗಾಲ ಮುಗಿಯುತ್ತಿದ್ದ ಹಾಗೆ. ಮಾಸ್ತರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಎಲ್ಲಿಯೋ ಒಂದು ಶಿಬಿರಕ್ಕೆ ಹತ್ತು ದಿನ ಹೋಗಿ ಬಂದವರು, ಬಸ್ಸು ಹಟ್ಟಿಕೇರಿ ಮುಟ್ಟುವ ಮೊದಲೇ ಸೀಟಿನಿಂದ ಎದ್ದು ನಿಂತರು. ಮೇಲಿನ ಸರಳು ಹಿಡಿದುಕೊಂಡು, "ಮಾತ್ರೆ ಎಲ್ಲಾ ಒಲೆಗೆ ಹಾಕ್ದೆ. ಇನ್ನು ಜನ್ಮದಲ್ಲಿ ಮುಟ್ಟೂದಿಲ್ಲ" ಎಂದರು. ಭಾವ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಆ ದಿನ ಚಾ ಕುಡಿಸಿದ್ದು ಅಮದಳ್ಳಿ ಎಂದಿದ್ದ ಟಿ.ವಿ. ಇಲ್ಲದ ಟೀಚರು.

ಮೊದಲ ಎರಡು ತಿಂಗಳು ಮಾಸ್ತರ ಮೈ ಇಳಿಯಿತು, ಹೊಟ್ಟೆ ಕರಗಿತು, ಹತ್ತು ವರ್ಷ ಸಣ್ಣವರಾಗಿ ಕಂಡರು. "ಎಂತಾ ಮಾರಾಯ್ರೇ, ಮದ್ಮಗನ ಹಂಗೆ ಆಗಿದ್ರಿ!" ಎಂದು ನಾನೇ ಹೇಳಿದ್ದೆ. ಆಮೇಲೆಯೂ ಇಳಿಯುತ್ತಲೇ ಹೋದರು. ಕುತ್ತಿಗೆಯ ಸುತ್ತ ಅಂಗಿಯ ಪಟ್ಟಿ ಸಡಿಲವಾಗಿ ನಿಂತಿತು. ಒಂದು ನೀರಿನ ಬಾಟಲಿ ಇದ್ದದ್ದು ಎರಡಾಯಿತು, ಎರಡೂ ಅಮದಳ್ಳಿ ಬರುವುದರೊಳಗೆ ಖಾಲಿ. ಅವರ್ಸಾದಲ್ಲಿ ಡ್ರೈವರಿಗೆ ಕೈ ಮುಗಿದು ಇಳಿದು, ಗಿಡಗಳ ಹಿಂದೆ ಹೋಗಿ ಬರತೊಡಗಿದರು. ಬಸ್ಸು ಇಂಜಿನ್ ಗುರುಗುಡಿಸುತ್ತ ಕಾಯುವುದು, ಕಂಡಕ್ಟರು ಗಡಿಯಾರ ನೋಡುವುದು. "ವಿಷ ಹೊರಗೆ ಬೀಳ್ತಾ ಅದೆ" ಎಂದು ಮಾಸ್ತರು ಹತ್ತುತ್ತಲೇ ಎಲ್ಲರಿಗೂ ಕೇಳುವಂತೆ ಹೇಳುವರು. ನಾವು ನಗುತ್ತಿದ್ದೆವು. ನನಗೆ ಮಾತ್ರ ಒಳಗೊಳಗೇ ಏನೋ ಕಸಿವಿಸಿ. ನನ್ನ ದೊಡ್ಡಪ್ಪ ಹೋದದ್ದು ಇದೇ ಕಾಯಿಲೆಯಲ್ಲಿ. ಆ ಬಾಯಾರಿಕೆ ನಾನು ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಬಿಡಬೇಕಾದಲ್ಲಿ ಬಿಡದೆ, ಬಿಡಬಾರದ ಕಡೆ ಬಿಟ್ಟೆ. ನನ್ನ ಹಣೆಬರಹವೇ ಅಷ್ಟು.

ಒಂದು ಭಾನುವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಂಗಡೆ ಕೊಯ್ಯುತ್ತ ಕೂತಿದ್ದಾಗ ಮಾಸ್ತರ ಹೆಂಡತಿ ಬಂದಳು. ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಜೋರು ಮಾತಿನವಳಲ್ಲ. ನಮ್ಮ ಮನೆಗೆ ಹಬ್ಬಕ್ಕೋ ಹುಣ್ಣಿಮೆಗೋ ಬರುತ್ತಿದ್ದವಳು ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದಳು.

"ಅಕ್ಕಾ, ನಮ್ಮ ಬಚ್ಚಲಲ್ಲಿ ಇರುವೆ ಮುತ್ಕಂತವೆ" ಎಂದಳು.

ನಾನು ಚೂರಿ ಕೆಳಗಿಟ್ಟೆ.

"ಇವರು ಮೂತ್ರ ಮಾಡಿ ಬಂದಲ್ಲಿ ಎಷ್ಟು ನೀರು ಹೊಯ್ದ್ರೂ ಮತ್ತೆ ಬರ್ತವೆ. ಕಾಲಿನ ಹೆಬ್ಬೆಟ್ಟಲ್ಲಿ ಚಪ್ಪಲಿ ಕಚ್ಚಿದ ಗಾಯ ಒಂದದೆ, ಒಂದೂವರೆ ತಿಂಗಳಾಯ್ತು, ಮಾಯೂದೇ ಇಲ್ಲ. ಅತ್ತು ಕರೆದು ಡಾಕ್ಟ್ರ ಹತ್ರ ಕರಕಂಡು ಹೋದೆ. ಇವತ್ತಿಂದ ಮಾತ್ರೆ ಶುರು ಮಾಡದಿದ್ರೆ ಕಾಲೂ ಇಲ್ಲ, ಜೀವಾನೂ ಇಲ್ಲ ಅಂದ್ರು."

"ಮತ್ತೆ? ಶುರು ಮಾಡಿದ್ರಾ?"

"ಒಪ್ಪಿದ್ರು. ಆದ್ರೆ ಬಸ್ಸಿನವರಿಗೆ ಗೊತ್ತಾಗೂಕೆ ಆಗ್ದು ಅಂದ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಎಲ್ಲರ ಎದುರು ಬಿಟ್ಟೆ ಅಂತ ಹೇಳಿ, ಈಗ ಯಾವ ಮುಖ ಇಟ್ಕಂಡು ನುಂಗ್ಲಿ ಅಂತಾರೆ. ತಿಂಡಿ ಜೊತೆಗೇ ತಕಳ್ಳೂದು, ತಿಂಡಿ ತಿಂಬೂದು ಬಸ್ಸಲ್ಲಿ. ಅದಕ್ಕೆ ಕಾಗದದಲ್ಲಿ ಕಟ್ಟಿ ಕಾಳಿನ ಅಡಿಗೆ ಇಟ್ಟು ಕೊಡ್ತೆ. ಇವತ್ತಿಗೆ ಒಂಬತ್ತು ದಿನ ಆಯ್ತು. ಅಕ್ಕಾ, ನೀವು ಅಲ್ಲೇ ಹತ್ರ ಕೂತ್ಕಂತ್ರಲ್ಲ. ಯಾರಾದ್ರೂ ನೋಡಿ ನಗ್ಯಾಡಿದ್ರೆ ಇವರು ಮತ್ತೆ ಜನ್ಮದಲ್ಲಿ ಮುಟ್ಟೂದಿಲ್ಲ. ನನಗೆ ಇವರು ಗೊತ್ತು. ನೀವೊಂಚೂರು ನೋಡ್ಕಣಿ."

ಮೀನಿನ ಕೈಯಲ್ಲೇ ಅವಳ ಕೈ ಹಿಡಿದು, "ನಾ ಇದ್ದೆ ತಂಗಿ, ನೀ ಹೆದರಬೇಡ" ಎಂದೆ. ಹಾಗೆಂದಾಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ.

ಮರುದಿನದಿಂದ ನಾನು ಕಾವಲು ಕೂತೆ. ಬಿಣಗಾ ಘಟ್ಟದ ತಿರುವಿನಲ್ಲಿ ಎಡಗಡೆ ಸಮುದ್ರ ಕಂಡೊಡನೆ ಎಲ್ಲರ ತಲೆ ಒಮ್ಮೆ ಆ ಕಡೆ ಹೊರಳುತ್ತದೆ, ಎಷ್ಟು ವರ್ಷ ನೋಡಿದವರದ್ದೂ. ಮಾಸ್ತರು ಆ ಕ್ಷಣವನ್ನೇ ಹಿಡಿಯುತ್ತಿದ್ದರು. ಕಿಟಕಿಗೆ ಮುಖ ಮಾಡಿ, ಕಾಳಿನ ಅಡಿಯಿಂದ ಸಣ್ಣ ಕಾಗದದ ಪೊಟ್ಟಣ ಬಿಡಿಸಿ, ಬಾಯಿಗೆ ಹಾಕಿ, ನೀರು ಕುಡಿಯುವರು. ನಾನು ಆಗ ಭಾವನ ಹತ್ತಿರ ಏನಾದರೂ ಮಾತು ತೆಗೆಯುತ್ತಿದ್ದೆ. ಎರಡು ವಾರ ಹೀಗೆ ನಡೆಯಿತು. ನೀರಿನ ಬಾಟಲಿ ಮತ್ತೆ ಒಂದಾಯಿತು. ಅವರ್ಸಾದಲ್ಲಿ ಬಸ್ಸು ಕಾಯುವುದು ತಪ್ಪಿತು. ಮುಖಕ್ಕೆ ಸ್ವಲ್ಪ ಕಳೆ ಬಂತು.

ಇಷ್ಟಕ್ಕೇ ಸುಮ್ಮನಿದ್ದರೆ! ಆದರೆ ಮಾಸ್ತರ ಬಾಯಿ ಸುಮ್ಮನಿರಬೇಕಲ್ಲ. ಮಾತ್ರೆ ಬಿಟ್ಟ ಕತೆ ಮೊದಲಿಗಿಂತ ಹೆಚ್ಚಾಯಿತು. ಹಟ್ಟಿಕೇರಿಗೆ ಒಂದು ಸಲ, ಅಮದಳ್ಳಿಗೆ ಇನ್ನೊಂದು ಸಲ. ನನಗೆ ಮೈ ಉರಿಯುತ್ತಿತ್ತು. ನುಂಗುವುದನ್ನು ಕಣ್ಣಾರೆ ಕಂಡು, ಮುಂದಿನ ಸೀಟಿನವರಿಗೆ ಬಿಟ್ಟೆ ಬಿಟ್ಟೆ ಎನ್ನುವುದನ್ನು ಕಿವಿಯಾರೆ ಕೇಳಿ ತೆಪ್ಪಗೆ ಕೂರುವುದು ನನ್ನಂಥವಳಿಗೆ ಸುಲಭವಲ್ಲ. ಅದರ ಮೇಲೆ ಆ ವಾರ ಆಟದಲ್ಲಿ ನಾನು ಮೂರು ಸಲ ಸೋತಿದ್ದೆ. "ಅಕ್ಕನ ಲೆಕ್ಕ ತಪ್ಪೂಕೆ ಹತ್ತಿತು" ಎಂದು ಭಾವ ಕಾಲೆಳೆಯುತ್ತಿದ್ದರು.

ಆ ದಿನ ಹಾರವಾಡದಲ್ಲಿ ಅಜ್ಜಿ ಹತ್ತಿದಳು. ಬುಟ್ಟಿಯನ್ನು ಬಾಗಿಲ ಹತ್ತಿರ ಇಟ್ಟು ಮಾಸ್ತರ ಎದುರು ಸೀಟಿಗೆ ಕೂತು, "ತಮಾ, ನನಗೂ ಸಕ್ರಿ ಕಾಯ್ಲೆ ಅದೆ. ನಾನೂ ನಿನ್ನ ಹಂಗೆ ಮಾತ್ರೆ ಬಿಡ್ಲಾ?" ಎಂದು ಕೇಳಿದಳು.

"ಬಿಡಿ ಅಜ್ಜಿ, ಒಂದೇ ಸಲ ಬಿಟ್ಟುಬಿಡಿ. ನನ್ನ ನೋಡಿ, ಎಂಟು ತಿಂಗಳಾಯ್ತು. ಒಂದೇ ಒಂದು ಮಾತ್ರೆ ಮುಟ್ಲಿಲ್ಲ."

ಥೂ ನಿನ್ನ, ಎಂದುಕೊಂಡೆ. ಈ ಮುದುಕಿ ಇವನ ಮಾತು ಕೇಳಿ ಸತ್ತರೆ? ಬಸ್ಸು ಅರ್ಗಾ ದಾಟಿ ಘಟ್ಟ ಹತ್ತಿತು. ಸಮುದ್ರ ಕಂಡಿತು. ಮಾಸ್ತರು ಕಿಟಕಿಗೆ ಹೊರಳಿದರು, ಬೆರಳು ಕಾಳಿನ ಅಡಿಗೆ ಹೋಯಿತು.

"ಮಾಸ್ತರೇ," ಎಂದೆ, ಬಸ್ಸಿಡೀ ಕೇಳುವ ಹಾಗೆ, "ಆ ಕಾಗದದೊಳಗೆ ಎಂತ ಅದೆ? ಅದಕ್ಕೂ ಮೊಳಕೆ ಬಂದದ್ಯಾ?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಭಾವ ಬಗ್ಗಿ ನೋಡಿದರು. "ಅಯ್ಯೋ ದೇವ್ರೇ, ಮಾತ್ರೆ ಮಾರಾಯ್ತಿ, ಮಾತ್ರೆ!" ಮುಂದಿನಿಂದ ಕಂಡಕ್ಟರು, "ಲಿನಕ್ಸಿಗೂ ವೈರಸ್ಸು ಬಂತಾ ಮಾಸ್ತರೇ?" ಎಂದು ಕೂಗಿದ. ಬಸ್ಸು ಬಿದ್ದು ಬಿದ್ದು ನಕ್ಕಿತು. ಗುರುತು ಪರಿಚಯ ಇಲ್ಲದವರೂ ತಿರುಗಿ ನೋಡಿ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಆ ಅಜ್ಜಿಗಾಗಿ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ನಗು ನನಗೆ ಬೇಕಾಗಿತ್ತು. ಎರಡು ವಾರದಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೆ ಸಾಕಾಗಿತ್ತು.

ಮಾಸ್ತರ ಕಿವಿ ಕೆಂಪಗಾಗಿತ್ತು. ಕೈಯಲ್ಲಿದ್ದ ಪೊಟ್ಟಣವನ್ನು ಮುದ್ದೆ ಮಾಡಿ ಕಿಟಕಿಯಿಂದ ಹೊರಗೆ, ಸಮುದ್ರದ ಕಡೆಗೆ, ಎಸೆದರು. "ಹೆಂಡ್ತಿ ಕದ್ದು ಇಟ್ಟದ್ದು. ನನಗೆ ಗೊತ್ತೇ ಇಲ್ಲ" ಎಂದರು. ಅಷ್ಟು ಹೇಳುವಾಗ ಎಲ್ಲರ ಮುಖ ನೋಡಿದರು, ನನ್ನದೊಂದನ್ನು ಬಿಟ್ಟು.

ಕಾರವಾರದಲ್ಲಿ ಇಳಿಯುವಾಗ ಅಜ್ಜಿ ನನ್ನ ತೋಳು ಹಿಡಿದಳು. "ಎಂತಕ್ಕೆ ಹಂಗೆ ಮಾಡ್ದೆ ಮಗಾ?"

"ನೀನು ಅವರ ಮಾತು ಕೇಳಿ ಮಾತ್ರೆ ಬಿಟ್ಟುಗಿಟ್ಟೀಯೆ ಅಂತ ಅಜ್ಜಿ."

"ನಾ ಎಂತಕ್ಕೆ ಬಿಡ್ತೆ? ಡಾಕ್ಟ್ರು ಕೊಟ್ಟದ್ದು ಬಿಡೂಕೆ ನನಗೇನು ಹುಚ್ಚಾ? ಪಾಪ, ಅಂವಗೆ ಹೇಳೂದು ಅಂದ್ರೆ ಖುಷಿ. ಕೇಳಿದ್ರೆ ನನ್ನ ಗಂಟೇನು ಹೋಗ್ತದೆ ಅಂತ ಕೇಳ್ದೆ." ಬುಟ್ಟಿ ತಲೆಗೇರಿಸಿಕೊಂಡು ಪೇಟೆಯ ಕಡೆ ನಡೆದಳು. ಆ ದಿನ ಕಚೇರಿಯಲ್ಲಿ ನನಗೆ ಯಾವ ಕಾಗದ ಓದಿದರೂ ತಲೆಗೆ ಹೋಗಲಿಲ್ಲ.

ಮಾರನೆಯ ದಿನ ಅಂಕೋಲೆ ಸ್ಟ್ಯಾಂಡಿನಲ್ಲೇ, ಬಸ್ಸು ಹೊರಡುವ ಮೊದಲೇ, ಮಾಸ್ತರು ಡಬ್ಬಿಯ ಮುಚ್ಚಳ ತೆಗೆದು ಎದ್ದು ನಿಂತರು. ಒಂದೊಂದೇ ಸೀಟಿಗೆ ಹೋಗಿ ಡಬ್ಬಿಯನ್ನು ಮುಂದೆ ಹಿಡಿದು, ಚಮಚದಿಂದ ಕಾಳು ಮಗುಚಿ ಅಡಿ ತೋರಿಸಿದರು. "ನೋಡಿ. ಎಂತದಾದ್ರೂ ಅದ್ಯಾ? ನೋಡ್ಕಣಿ." ಮೊದಲ ದಿನ ನಗು ಬಂತು. ಭಾವ ಒಂದು ಕಾಳು ಎತ್ತಿ ಮೂಸಿಯೂ ನೋಡಿದರು. ಎರಡನೆಯ ದಿನವೂ ತೋರಿಸಿದರು. ಮೂರನೆಯ ದಿನವೂ. ಆಮೇಲೆ ಯಾರೂ ನಗಲಿಲ್ಲ, ಆದರೂ ಅವರು ನಿಲ್ಲಿಸಲಿಲ್ಲ. ನನ್ನ ಮುಂದೆಯೂ ಹಿಡಿದು, "ಸರಿಯಾ ಅಕ್ಕಾ?" ಎಂದು ಕೇಳುವರು. ಹೆಸರು ಕಾಳು, ನಾಲ್ಕು ತುಂಡು ಕ್ಯಾರೆಟ್. ನಾನು "ಸರಿ" ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? ಕಾಲು ಹಿಡಿದು ತಪ್ಪಾಯ್ತು ಎನ್ನಬೇಕಾಗಿತ್ತು. ಮನೆಗೆ ಹೋಗಿ ಗಂಡಹೆಂಡತಿ ಇಬ್ಬರ ಎದುರೂ ಕೂತು, ನನ್ನದು ಹಾಳು ಬಾಯಿ, ನೀವು ಮಾತ್ರೆ ತಗೊಳ್ಳಿ ಎನ್ನಬೇಕಾಗಿತ್ತು. ನಾನು ಮಾಡಿದ್ದೇನೆಂದರೆ, ಅವಳು ಎದುರಾದಾಳು ಎಂದು ಆ ಓಣಿಯನ್ನೇ ಬಿಟ್ಟು ಸುತ್ತಿ ಬಳಸಿ ಮನೆ ಸೇರತೊಡಗಿದೆ.

ನೀರಿನ ಬಾಟಲಿ ಎರಡಾಯಿತು, ಮೂರಾಯಿತು. ಅವರ್ಸಾದಲ್ಲಿ ಬಸ್ಸು ಮತ್ತೆ ಕಾಯತೊಡಗಿತು. ಎಡಗಾಲಿನ ಚಪ್ಪಲಿ ಹೋಗಿ ಬಟ್ಟೆಯ ಪಟ್ಟಿ ಬಂತು. ಆಮೇಲೆ ವಾಸನೆ. ಒಣಮೀನಿನ ಬುಟ್ಟಿಯ ಪಕ್ಕ ಕೂತು ಅಭ್ಯಾಸ ಇದ್ದ ನಮಗೂ ಆ ವಾಸನೆ ತಡೆಯಲಾಗಲಿಲ್ಲ. ಮೊದಲು ಟೀಚರುಗಳು ಮುಂದಿನ ಸೀಟಿಗೆ ಹೋದರು, ಆಮೇಲೆ ಭಾವ, ಕಡೆಗೆ ನಾನು. ಹಿಂದಿನ ಮೂರು ಸಾಲಿನಲ್ಲಿ ಮಾಸ್ತರು ಒಬ್ಬರೇ ಡಬ್ಬಿ ತೆರೆದಿಟ್ಟುಕೊಂಡು ಕೂತಿರುತ್ತಿದ್ದರು. ಆಟ ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ, ಬೆಳಿಗ್ಗೆ ಊರಿನ ಹೆಸರು ಹೇಳುವವರು ಇಲ್ಲವಾದರು. ಒಂದು ಸೋಮವಾರ ಮಾಸ್ತರು ಬಸ್ಸಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಕಂಡಕ್ಟರು ಹೇಳಿದ, ಕಾರವಾರದ ಆಸ್ಪತ್ರೆಯಲ್ಲಿದ್ದಾರಂತೆ.

ಕಚೇರಿ ಮುಗಿಸಿ ಹೋದೆ. ಹೋಗದಿದ್ದರೆ ಆಗುತ್ತಿರಲಿಲ್ಲ, ನೆರೆಯವಳು. ಗಂಡಸರ ವಾರ್ಡಿನ ಕಡೆಯ ಮಂಚ. ಮಾಸ್ತರು ಕಣ್ಣು ಮುಚ್ಚಿ ಮಲಗಿದ್ದರು, ಎಷ್ಟು ಸಣ್ಣಗಾಗಿದ್ದರೆಂದರೆ ಹೊದಿಕೆಯಡಿ ಮನುಷ್ಯ ಇದ್ದಂತೆಯೇ ಕಾಣಲಿಲ್ಲ. ಕಾಲು ತೆಗೆಯಬೇಕಂತೆ, ಆದರೆ ಸಕ್ಕರೆ ಇಳಿಯದೆ ತೆಗೆಯಲಾಗದಂತೆ, ನಂಜು ಮೇಲೆ ಏರುತ್ತಿದೆಯಂತೆ. ಹೆಂಡತಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಹೇಳಿದಳು. ಅಳಲಿಲ್ಲ. ಅತ್ತು ಮುಗಿದಿತ್ತೇನೋ.

"ಅಕ್ಕಾ, ಒಂದು ಕೇಳ್ತೆ" ಎಂದಳು. "ಬಸ್ಸಲ್ಲಿ ಮಾತ್ರೆ ವಿಷಯ ಎಲ್ಲರ ಎದುರು ಎತ್ತಿ ಆಡಿದ್ದು ಯಾರು? ಆವತ್ತು ಮನೆಗೆ ಬಂದವರು ಡಬ್ಬಿ ಬಿಸಾಕಿದ್ರು. ಯಾರೋ ಅಂದ್ರು, ನಕ್ಕರು ಅಂತಷ್ಟೇ ಹೇಳಿದ್ರು. ಎಷ್ಟು ಕೇಳಿದ್ರೂ ಹೆಸರು ಬಿಡ್ಲಿಲ್ಲ. ಇಷ್ಟು ದಿನ ಆಯ್ತು, ಬಾಯಿ ಬಿಡ್ಲಿಲ್ಲ. ನಿಮಗೆ ಗೊತ್ತಿರಬೇಕಲ್ಲ. ನೀವು ಅಲ್ಲೇ ಇದ್ರಿ ಅಲ್ದಾ?"

ಹೇಳುತ್ತೇನೆ, ಈಗ ಹೇಳಿಬಿಡುತ್ತೇನೆ ಎಂದೇ ಬಾಯಿ ತೆರೆದೆ. ಹೊರಬಂದ ಮಾತು ಬೇರೆ.

"ಆ ದಿನ ನಾ ಬಸ್ಸಿಗೆ ಬಂದಿರ್ಲಿಲ್ಲ ತಂಗಿ. ರಜೆ ಹಾಕಿದ್ದೆ."

ಅವಳು ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಗ ಮಂಚದ ಮೇಲಿಂದ ಮಾಸ್ತರು, ಕಣ್ಣು ತೆರೆಯದೆ, ತೊದಲುತ್ತ ಹೇಳಿದರು: "ಹೌದು. ಅಕ್ಕ ಆ ದಿನ ಇರ್ಲಿಲ್ಲ."

ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು. ನಾಲ್ಕನೆಯ ದಿನಕ್ಕೆ ಅವರು ಹೋದರು.

"ಹಂಗಾದ್ರೆ ಬೇರೆ ಯಾರೋ" ಎಂದಳು ಅವಳು, ಮುಖ ಒರೆಸಿಕೊಳ್ಳುತ್ತ. ಆಮೇಲೆ ಎದ್ದು, ತಾನು ಕೂತಿದ್ದ ಸ್ಟೂಲನ್ನು ನನ್ನ ಕಡೆಗೆ ಸರಿಸಿದಳು. "ಆಗಿನಿಂದ ನಿಂತೇ ಇದ್ರಿ. ಕೂತ್ಕಣಿ ಅಕ್ಕಾ."

ನಾನು ಕೂತೆ.